ಕುಕ್ಕರ್ ಹಿಡಿಯ ಹಿಂದಿನ ಮನುಷ್ಯ

ಮಾರೇನಹಳ್ಳಿಯ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿದರೆ ಅಮ್ಮ ಬಟ್ಟೆ ಹುಡುಕುವುದಿಲ್ಲ, ಬರಿಗೈಯಲ್ಲೇ ಇಳಿಸುತ್ತಾರೆ. ಒಳಗೆ ಕುದಿಯುತ್ತಿದ್ದರೂ ಕಪ್ಪು ಹಿಡಿ ಕೈ ಸುಡದು. ಆ ಹಿಡಿ ಬೇಕಲೈಟ್‌ನದು. ಅದನ್ನು ಕೊಟ್ಟವರು ಲಿಯೊ ಬೇಕ್‌ಲ್ಯಾಂಡ್.

ಅವರು ಹುಟ್ಟಿದ್ದು 1863ರಲ್ಲಿ, ಬೆಲ್ಜಿಯಂನ ಘೆಂಟ್ ನಗರದಲ್ಲಿ. ತಂದೆ ಚಪ್ಪಲಿ ಹೊಲಿಯುವವರು, ತಾಯಿ ಮನೆಗೆಲಸದವರು. ವಿದ್ಯಾರ್ಥಿವೇತನದಲ್ಲೇ ಓದಿ 21ನೇ ವಯಸ್ಸಿಗೆ ಡಾಕ್ಟರೇಟ್ ಪಡೆದರು. 1889ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲೇ ನೆಲೆಸಿದರು. ಮೊದಲ ವರ್ಷಗಳಲ್ಲಿ ಕಾಯಿಲೆ, ಹಣದ ಮುಗ್ಗಟ್ಟು ಎರಡೂ ಕಾಡಿದವು. ಕೊನೆಗೆ ಅವರ ವೆಲಾಕ್ಸ್ ಫೋಟೊ ಕಾಗದದ ಉದ್ಯಮವನ್ನು 1899ರಲ್ಲಿ ಕೊಡಕ್‌ನ ಜಾರ್ಜ್ ಈಸ್ಟ್‌ಮನ್ ಕೊಂಡರು. ಕೈತುಂಬ ಹಣ ಬಂದ ಮೇಲೂ ಬೇಕ್‌ಲ್ಯಾಂಡ್ ಸುಮ್ಮನೆ ಕೂರಲಿಲ್ಲ. ಮರುವರ್ಷ ವಿದ್ಯುತ್ ರಸಾಯನಶಾಸ್ತ್ರ ಕಲಿಯಲು ಜರ್ಮನಿಗೆ ಹೋದರು.

ಆಗ ವಿದ್ಯುತ್ ಉಪಕರಣಗಳ ನಿರೋಧಕಕ್ಕೆ ಅರಗು ಬೇಕಿತ್ತು. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣವಾಗುವುದೂ ಇದೇ ಅರಗು. ಕೀಟಗಳಿಂದ ಸಿಗುವ ಇದು ಹೆಚ್ಚಾಗಿ ಭಾರತದಿಂದ ಹೋಗುತ್ತಿತ್ತು, ಬೇಡಿಕೆಗೆ ಸಾಲುತ್ತಿರಲಿಲ್ಲ. ಬದಲಿ ಹುಡುಕಲು ಬೇಕ್‌ಲ್ಯಾಂಡ್ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಬೆರೆಸಿದರು. ಮೊದಲು ತಯಾರಿಸಿದ ಕರಗುವ ಅಂಟು ಮಾರುಕಟ್ಟೆಯಲ್ಲಿ ನಡೆಯಲಿಲ್ಲ. ಇದೇ ಮಿಶ್ರಣದಿಂದ ಗಟ್ಟಿ ಮುದ್ದೆಯೂ ಆಗುತ್ತಿತ್ತು. ಪಾತ್ರೆಗೆ ಅಂಟಿ ಯಾವುದಕ್ಕೂ ಕರಗದ ಅದನ್ನು ಹಿಂದಿನ ವಿಜ್ಞಾನಿಗಳು ಕಸವೆಂದು ಬಿಟ್ಟಿದ್ದರು.

ಕರಗದಿರುವುದೇ ಅದರ ಗುಣವಲ್ಲವೇ ಎಂದು ಬೇಕ್‌ಲ್ಯಾಂಡ್ ಯೋಚಿಸಿದರು. ಮುಚ್ಚಿದ ಪಾತ್ರೆಯಲ್ಲಿ ಶಾಖದ ಜೊತೆ ಒತ್ತಡವನ್ನೂ ಕೊಟ್ಟಾಗ ಗುಳ್ಳೆಯಿಲ್ಲದ, ಅಚ್ಚಿನ ಆಕಾರ ತಾಳುವ ವಸ್ತು ಸಿಕ್ಕಿತು. 1907ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ, 1909ರಲ್ಲಿ ಪಡೆದರು. ಬಕೆಟ್ಟಿನ ಪ್ಲಾಸ್ಟಿಕ್ ಬಿಸಿಗೆ ಮತ್ತೆ ಕರಗುತ್ತದೆ; ಬೇಕಲೈಟ್ ಒಮ್ಮೆ ಗಟ್ಟಿಯಾದರೆ ಕರಗದು, ವಿದ್ಯುತ್ತನ್ನೂ ಹರಿಯಬಿಡದು. ಹಾಗಾಗಿ ಸ್ವಿಚ್, ಟೆಲಿಫೋನ್, ರೇಡಿಯೊ ಪೆಟ್ಟಿಗೆ, ಕಾರಿನ ಬಿಡಿಭಾಗಗಳಲ್ಲೆಲ್ಲ ಸೇರಿತು. ಕರಗಿಸಿ ಮರುಬಳಸಲು ಆಗದಿರುವುದು ಅದರ ಕೊರತೆಯೂ ಹೌದು.

1944ರಲ್ಲಿ ಬೇಕ್‌ಲ್ಯಾಂಡ್ ತೀರಿಕೊಂಡರು. ಅಷ್ಟರಲ್ಲಿ ನೈಲಾನ್ ಬಂದಿತ್ತು, ಮುಂದೆ ಪಾಲಿಕಾರ್ಬನೇಟ್ ಬಂತು. ಲೋಹದ ಗೇರ್, ಬುಷ್‌ಗಳ ಜಾಗಕ್ಕೂ ಈಗ ಪ್ಲಾಸ್ಟಿಕ್ ಬಂದಿದೆ. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಮೋಲ್ಡಿಂಗ್ ಯಂತ್ರಗಳು ನಡೆಯುತ್ತಿವೆ. ಮೈಸೂರಿನ ಸಿಪೆಟ್‌ನಲ್ಲಿ ಈ ವಿದ್ಯೆಗೆ ಡಿಪ್ಲೊಮಾ ಕೋರ್ಸ್‌ಗಳಿವೆ.

ಮೂರು ಇಂಟರ್‌ವ್ಯೂಗಳಲ್ಲಿ ಬೇಡವೆನಿಸಿಕೊಂಡು ಬಂದವನು ನಾನು. ಬೇಕ್‌ಲ್ಯಾಂಡ್ ಬದುಕು ಓದಿದ ಮೇಲೆ, ನನ್ನಲ್ಲಿ ಏನು ಕಡಿಮೆ ಎಂದು ಕೇಳಿಕೊಳ್ಳುವುದನ್ನು ಬಿಟ್ಟಿದ್ದೇನೆ. ನನಗೆ ಬರುವ ಕೆಲಸ ಎಲ್ಲಿ ಬೇಕಾಗಿದೆ ಎಂದು ಹುಡುಕುತ್ತಿದ್ದೇನೆ.