ಮಕ್ಕಳನ್ನು ಬೆಟ್ಟ ಹತ್ತಿಸಿದ ಮೇಷ್ಟ್ರು: ಕರ್ಟ್ ಹಾನ್

ನಮ್ಮ ಕನ್ನಡ ಶಾಲೆಯ ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಒಬ್ಬ ಹಿರಿಯರ ಬದುಕನ್ನು ತಮ್ಮದೇ ಮಾತಿನಲ್ಲಿ ಬರೆಯಬೇಕು. ನನ್ನ ಜೊತೆಯವರು ಸರ್ ಎಂ. ವಿಶ್ವೇಶ್ವರಯ್ಯ, ಕಿತ್ತೂರು ರಾಣಿ ಚೆನ್ನಮ್ಮ ಮುಂತಾದವರನ್ನು ಆರಿಸಿಕೊಂಡರು. ನಾನು ಆರಿಸಿಕೊಂಡದ್ದು ಜರ್ಮನಿಯಲ್ಲಿ ಹುಟ್ಟಿದ ಒಬ್ಬ ಮೇಷ್ಟ್ರನ್ನು. ಹೋದ ಬೇಸಿಗೆಯಲ್ಲಿ ನಾನು ಕೊಲರಾಡೊ ಬೆಟ್ಟಗಳಲ್ಲಿ ಹೈಸ್ಕೂಲ್ ಮಕ್ಕಳಿಗಾಗಿ ನಡೆಸುವ ಎರಡು ವಾರದ ಬ್ಯಾಕ್‌ಪ್ಯಾಕಿಂಗ್ ಶಿಬಿರಕ್ಕೆ ಹೋಗಿದ್ದೆ. ಇಂಥ ಶಿಬಿರಗಳು ಹೇಗೆ ಶುರುವಾದವು ಎಂದು ಹುಡುಕಿದಾಗ ಸಿಕ್ಕ ಹೆಸರು ಕರ್ಟ್ ಹಾನ್.

ಹಾನ್ ಹುಟ್ಟಿದ್ದು 1886ರ ಜೂನ್ 5ರಂದು, ಬರ್ಲಿನ್ನಿನ ಒಂದು ಯಹೂದಿ ಕುಟುಂಬದಲ್ಲಿ. ಹದಿನಾರನೇ ವಯಸ್ಸಿನಲ್ಲಿ ಡೋಲೊಮೈಟ್ ಬೆಟ್ಟಗಳಲ್ಲಿ ನಡೆಯುತ್ತಿದ್ದಾಗ ಇಂಗ್ಲೆಂಡಿನ ಕೆಲವು ಹುಡುಗರ ಪರಿಚಯವಾಯಿತು. ಅವರ ಶಾಲೆಯಲ್ಲಿ ಪಾಠದಷ್ಟೇ ಮುಖ್ಯವಾಗಿ ಕೈಕೆಲಸ, ಹೊರಗಿನ ಓಡಾಟ ಎಲ್ಲವೂ ಇತ್ತು. ಅಂಥ ಶಾಲೆ ತಾನೂ ಕಟ್ಟಬೇಕೆಂಬ ಆಸೆ ಅಲ್ಲಿಂದ ಬೆಳೆಯಿತು.

ಆದರೆ 1904ರಲ್ಲಿ ಅವರಿಗೆ ಬಿಸಿಲಿನ ಹೊಡೆತ ತಗುಲಿತು. ಎಷ್ಟೋ ಕಾಲ ಕತ್ತಲೆ ಕೋಣೆಯಲ್ಲಿ ಇರಬೇಕಾಯಿತು. ಮುಂದೆಯೂ ಅವರಿಗೆ ಬಿಸಿಲು ಆಗಿಬರುತ್ತಿರಲಿಲ್ಲ. ಅಗಲ ಅಂಚಿನ ಟೋಪಿ ಹಾಕಿಕೊಂಡೇ ಓಡಾಡುತ್ತಿದ್ದರು. ಸಾವಿರಾರು ಮಕ್ಕಳನ್ನು ಬಯಲಿಗೆ ಕಳಿಸಿದ ಮನುಷ್ಯನಿಗೆ ಬಿಸಿಲೇ ಸೇರುತ್ತಿರಲಿಲ್ಲ ಎಂದು ಓದಿದಾಗ ನನಗೆ ಆಶ್ಚರ್ಯವಾಯಿತು.

ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅವರು ಜರ್ಮನಿಯ ವಿದೇಶಾಂಗ ಇಲಾಖೆಗಾಗಿ ಬ್ರಿಟಿಷ್ ಪತ್ರಿಕೆಗಳನ್ನು ಓದಿ ವರದಿ ಮಾಡುವ ಕೆಲಸದಲ್ಲಿದ್ದರು. ಆಮೇಲೆ ಬಾಡೆನ್ನಿನ ರಾಜಕುಮಾರ ಮ್ಯಾಕ್ಸ್ ಅವರಿಗೆ ಆಪ್ತ ಕಾರ್ಯದರ್ಶಿಯಾದರು. ಯುದ್ಧ ಸೋತ ದೇಶದಲ್ಲಿ ಹೊಸ ಪೀಳಿಗೆಯನ್ನು ಬೆಳೆಸಬೇಕೆಂದು ಇಬ್ಬರೂ ಸೇರಿ 1920ರಲ್ಲಿ ಸಾಲೆಮ್ ಎಂಬಲ್ಲಿ, ರಾಜಕುಮಾರರ ಅರಮನೆಯಲ್ಲೇ ಶಾಲೆ ತೆರೆದರು.

ಮುಂದಿನ ಭಾಗ ಬರೆಯುವುದಕ್ಕಾಗಿಯೇ ನಾನು ಈ ಲೇಖನ ಬರೆಯಲು ಕುಳಿತೆ. 1932ರ ಆಗಸ್ಟ್‌ನಲ್ಲಿ ಪೊಟೆಂಪಾ ಎಂಬ ಹಳ್ಳಿಯಲ್ಲಿ ನಾಜಿ ಪಡೆಯವರು ಒಬ್ಬ ಕಾರ್ಮಿಕನನ್ನು ಅವನ ತಾಯಿಯ ಎದುರೇ ಕೊಂದರು. ನ್ಯಾಯಾಲಯ ಕೊಲೆಗಾರರಿಗೆ ಮರಣದಂಡನೆ ವಿಧಿಸಿತು. ಹಿಟ್ಲರ್ ಬಹಿರಂಗವಾಗಿ ಆ ಕೊಲೆಗಾರರ ಪರ ನಿಂತ. ಆಗ ಹಾನ್ ತಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಿಗೆಲ್ಲ ಪತ್ರ ಬರೆದರು. ಹಿಟ್ಲರನ ಜೊತೆ ಇರುತ್ತೀರೋ, ಸಾಲೆಮ್ ಜೊತೆ ಇರುತ್ತೀರೋ, ಎರಡರಲ್ಲಿ ಒಂದನ್ನು ಬಿಡಿ ಎಂಬುದು ಅದರ ಸಾರ. ಯಹೂದಿಯಾಗಿ ಹುಟ್ಟಿದ ಒಬ್ಬ ಮೇಷ್ಟ್ರು ಆ ಕಾಲದಲ್ಲಿ ಹೀಗೆ ಬರೆಯುವುದೆಂದರೆ ಸಣ್ಣ ಮಾತಲ್ಲ. 1933ರ ಮಾರ್ಚ್‌ನಲ್ಲಿ ಅವರನ್ನು ಬಂಧಿಸಿದರು. ಬ್ರಿಟನ್ನಿನ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಮೊದಲಾದವರು ಒತ್ತಾಯ ಮಾಡಿದ್ದರಿಂದ ಬಿಡುಗಡೆಯಾಯಿತು. ಅದೇ ಬೇಸಿಗೆಯಲ್ಲಿ ಅವರು ಹುಟ್ಟಿದ ದೇಶ ಬಿಟ್ಟು ಬ್ರಿಟನ್ನಿಗೆ ಹೋದರು.

ಆಗ ಅವರಿಗೆ 47 ವರ್ಷ. ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಿತ್ತು. 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಗಾರ್ಡನ್‌ಸ್ಟನ್ ಶಾಲೆ ಕಟ್ಟಿದರು. ಮುಂದೆ ರಾಣಿ ಎರಡನೇ ಎಲಿಜಬೆತ್ ಅವರ ಪತಿಯಾದ ಪ್ರಿನ್ಸ್ ಫಿಲಿಪ್ ಅಲ್ಲಿನ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು. ಅಲ್ಲಿಯ ಹುಡುಗರು ಬೆಟ್ಟ ಹತ್ತುತ್ತಿದ್ದರು, ದೋಣಿ ನಡೆಸುತ್ತಿದ್ದರು, ಸಮುದ್ರದಲ್ಲಿ ಯಾರಾದರೂ ಅಪಾಯದಲ್ಲಿದ್ದಾರೆಯೇ ಎಂದು ದಡದಲ್ಲಿ ಕಾವಲು ಕಾಯುತ್ತಿದ್ದರು.

1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಅವರ ನೆರವಿನಿಂದ ವೇಲ್ಸ್‌ನ ಅಬರ್ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಶುರುವಾಯಿತು. ಮುಳುಗಿದ ಹಡಗುಗಳಿಂದ ಪಾರಾದ ಕಿರಿಯ ನಾವಿಕರು ಹಿರಿಯರಿಗಿಂತ ಬೇಗ ಧೈರ್ಯ ಕಳೆದುಕೊಳ್ಳುತ್ತಾರೆ ಎಂಬ ಚಿಂತೆ ಹೋಲ್ಟ್ ಅವರಿಗಿತ್ತು. ಸುಮಾರು ಒಂದು ತಿಂಗಳ ಆ ತರಬೇತಿಗೆ ನಾವಿಕರಾಗುವವರಷ್ಟೇ ಅಲ್ಲ, ಬೇರೆ ಹುಡುಗರೂ ಬರುತ್ತಿದ್ದರು. ಔಟ್‌ವರ್ಡ್ ಬೌಂಡ್ ಎಂದರೆ ಬಂದರು ಬಿಟ್ಟು ದೂರದ ಕಡಲಿಗೆ ಹೊರಟ ಹಡಗು.

ಆ ಹಡಗು ಅಮೆರಿಕಕ್ಕೂ ಬಂತು. ಗಾರ್ಡನ್‌ಸ್ಟನ್‌ನಲ್ಲಿ ಪಾಠ ಮಾಡಿದ್ದ ಜಾಶ್ ಮೈನರ್ ಮತ್ತು ಇತರರ ಪ್ರಯತ್ನದಿಂದ 1962ರಲ್ಲಿ ಕೊಲರಾಡೊದ ಮಾರ್ಬಲ್ ಊರಿನ ಬಳಿ ಮೊದಲ ಶಿಬಿರ ನಡೆಯಿತು. ಅಲ್ಲಿ ಕಲಿಸುತ್ತಿದ್ದ ಪರ್ವತಾರೋಹಿ ಪಾಲ್ ಪೆಟ್ಜೋಲ್ಟ್ 1965ರಲ್ಲಿ ವಯೋಮಿಂಗ್‌ನಲ್ಲಿ ನೋಲ್ಸ್ ಎಂಬ ಇನ್ನೊಂದು ಶಾಲೆ ತೆರೆದರು. ಇಂದು ಹೈಸ್ಕೂಲ್ ಮಕ್ಕಳು ಹೋಗುವ ಎಷ್ಟೋ ಶಿಬಿರಗಳ ಬೇರು ಈ ಎರಡರಲ್ಲಿದೆ.

ನಮ್ಮ ಶಿಬಿರದಲ್ಲಿ ಎಂಟು ಜನ ಇದ್ದೆವು. ಫೋನ್ ಇರಲಿಲ್ಲ, ನಕ್ಷೆ, ದಿಕ್ಸೂಚಿ ಇದ್ದವು. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ನಾಲ್ಕನೇ ದಿನಕ್ಕೇ ಎಲ್ಲರ ಪಾಲಾಗಿ ಮುಗಿದುಹೋಯಿತು. ಗುಂಪಿನಲ್ಲಿ ಯಾರು ನಿಧಾನವೋ ಅವರು ಮುಂದೆ ನಡೆಯಬೇಕು, ಉಳಿದವರು ಅವರ ಹಿಂದೆ ಎಂಬುದು ನಮ್ಮ ನಿಯಮ. ಮೊದಲ ದಿನ ಎಲ್ಲರಿಗೂ ಇದು ಬೇಸರ ತಂದಿತು. ಐದನೇ ದಿನದ ಹೊತ್ತಿಗೆ ಯಾರೂ ಹೇಳದೆಯೇ ಮುಂದಿದ್ದವನ ಚೀಲದಿಂದ ಭಾರದ ಸಾಮಾನನ್ನು ಹಂಚಿಕೊಳ್ಳುತ್ತಿದ್ದೆವು. ಹಾನ್ ಅವರ ಬಗ್ಗೆ ಓದಿದ ಮೇಲೆ ಈ ನಿಯಮದ ಅರ್ಥ ಚೆನ್ನಾಗಿ ತಿಳಿಯಿತು. ಅವರಿಗೆ ಬೆಟ್ಟದ ತುದಿ ಮುಖ್ಯವಾಗಿರಲಿಲ್ಲ. ಕಷ್ಟದಲ್ಲಿರುವವರ ನೆರವಿಗೆ ಓಡುವ ಅಭ್ಯಾಸ ಹದಿಹರೆಯದಲ್ಲೇ ಬೆಳೆಯಬೇಕು ಎಂಬುದೇ ಮುಖ್ಯವಾಗಿತ್ತು.

ಅವರಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿಯೂ ಇದೆ. ಸಾಲೆಮ್‌ನಲ್ಲಿ ಹುಡುಗಿಯರಿಗೆ ಜಾಗ ಕೊಟ್ಟಿದ್ದರೂ ಗಾರ್ಡನ್‌ಸ್ಟನ್‌ಗೆ ಹುಡುಗಿಯರು ಸೇರಿದ್ದು 1972ರಲ್ಲಿ. ಅಬರ್ಡೋವಿ ಶುರುವಾದದ್ದೂ ಹುಡುಗರಿಗಾಗಿಯೇ. ನಾನು ಆ ಕಾಲದಲ್ಲಿ ಹುಟ್ಟಿದ್ದರೆ ಬೆನ್ನ ಮೇಲೆ ಚೀಲ ಹೊರುವ ಅವಕಾಶ ನನಗೆ ಸಿಗುತ್ತಿರಲಿಲ್ಲ.

1962ರಲ್ಲಿ ವೇಲ್ಸ್‌ನಲ್ಲಿ ಅಟ್ಲಾಂಟಿಕ್ ಕಾಲೇಜು ತೆರೆಯಿತು. ಯುದ್ಧದಲ್ಲಿ ಶತ್ರುಗಳಾಗಿದ್ದ ದೇಶಗಳ ಮಕ್ಕಳು ಒಟ್ಟಿಗೆ ಓದಬೇಕು ಎಂಬುದು ಹಾನ್ ಅವರ ಕನಸಾಗಿತ್ತು. ಅದರ ಬಳಗದ ಒಂದು ಕಾಲೇಜು ಈಗ ಪುಣೆಯ ಹತ್ತಿರವೂ ಇದೆ. ಅವರು 1974ರ ಡಿಸೆಂಬರ್ 14ರಂದು, ಸಾಲೆಮ್‌ಗೆ ಹತ್ತಿರದಲ್ಲೇ ತೀರಿಕೊಂಡರು. ತಮ್ಮನ್ನು ಓಡಿಸಿದ ದೇಶಕ್ಕೇ ಅವರು ಮರಳಿದ್ದರು.

ಬೆಟ್ಟ ಹತ್ತುವುದಕ್ಕೆ ಧೈರ್ಯ ಬೇಕು, ನಿಜ. ಆದರೆ ನನ್ನ ದೃಷ್ಟಿಯಲ್ಲಿ ಹಾನ್ ತೋರಿದ ದೊಡ್ಡ ಧೈರ್ಯ ಮೇಜಿನ ಮುಂದೆ ಕುಳಿತು ಬರೆದ ಆ ಪತ್ರದಲ್ಲಿದೆ. ಶಿಬಿರದಲ್ಲಿ ನಮ್ಮ ಜೊತೆ ನಾಯಕರಿದ್ದರು, ಎಂಟು ಜನರ ಬೆಂಬಲವಿತ್ತು. ಪತ್ರ ಬರೆಯುವಾಗ ಅವರು ಒಬ್ಬರೇ ಇದ್ದರು.

ಈ ಆಗಸ್ಟ್‌ನಲ್ಲಿ ನಾವೆಲ್ಲ ಬೇರೆ ಬೇರೆ ಊರಿನ ಕಾಲೇಜುಗಳಿಗೆ ಹೊರಡುತ್ತೇವೆ. ಕಿರಿಯ ತರಗತಿಯ ತಮ್ಮ ತಂಗಿಯರೇ, ಅವಕಾಶ ಸಿಕ್ಕರೆ ಒಮ್ಮೆ ಬೆನ್ನಿಗೆ ಚೀಲ ಏರಿಸಿ ಹೋಗಿಬನ್ನಿ. ಅಪ್ಪ ಅಮ್ಮಂದಿರೇ, ಭಯವಾದರೆ ಶಿಬಿರದವರನ್ನು ನೂರು ಪ್ರಶ್ನೆ ಕೇಳಿ, ಆಮೇಲೆ ಕಳಿಸಿಕೊಡಿ.