ಕುದುರೆಯ ಪರವಾಗಿ ಮಾತಾಡಿದ ಅನ್ನಾ ಸ್ಯೂಯೆಲ್

ಹೇರು ತುಂಬಿದ ಗಾಡಿ ಏರು ಹತ್ತುವಾಗ ಎತ್ತು ತಲೆ ತಗ್ಗಿಸಿ, ಕತ್ತು ಮುಂದೆ ಚಾಚಿ, ಮೈಭಾರವನ್ನೆಲ್ಲ ನೊಗಕ್ಕೆ ಕೊಡುವುದನ್ನು ನೋಡದ ರೈತನಿಲ್ಲ. ಅಂಥ ಹೊತ್ತಿನಲ್ಲಿ ಅದರ ತಲೆಯನ್ನು ಹಗ್ಗದಿಂದ ಮೇಲಕ್ಕೆಳೆದು ಕಟ್ಟಿದರೆ ಏನಾದೀತು? ಎತ್ತು ಎಳೆಯಲಾರದೆ ನಿಂತೀತು, ಇಲ್ಲವೇ ಮುಗ್ಗರಿಸೀತು. ಇದು ನಮ್ಮ ಹಳ್ಳಿಯ ದನಕಾಯುವ ಹುಡುಗನಿಗೂ ತಿಳಿದ ಮಾತು. ಆದರೆ ಸುಮಾರು 150 ವರ್ಷಗಳ ಹಿಂದೆ ಇಂಗ್ಲೆಂಡಿನ ಸಿರಿವಂತರು ತಮ್ಮ ಸಾರೋಟಿನ ಕುದುರೆಗಳಿಗೆ ಇದನ್ನೇ ಮಾಡುತ್ತಿದ್ದರು. ಕಡಿವಾಣದಿಂದ ಹೊರಟ ಚರ್ಮದ ಪಟ್ಟಿಯೊಂದನ್ನು ಬೆನ್ನ ಮೇಲಿನ ಪಟ್ಟಿಗೆ ಬಿಗಿದು ಕುದುರೆ ತಲೆ ತಗ್ಗಿಸದಂತೆ ಮಾಡುತ್ತಿದ್ದರು. ಅದಕ್ಕೆ 'ಬೇರಿಂಗ್ ರೇನ್' ಎಂದು ಹೆಸರು. ತಲೆಯೆತ್ತಿ ನಿಂತ ಕುದುರೆ ಠೀವಿಯಾಗಿ ಕಾಣುತ್ತದೆ ಎಂಬುದೊಂದೇ ಇದಕ್ಕೆ ಕಾರಣ.

ಈ ಪದ್ಧತಿಯ ವಿರುದ್ಧ ಜನಮನವನ್ನು ತಿರುಗಿಸಿದವರಲ್ಲಿ ಮುಖ್ಯಳಾದವಳು ಒಬ್ಬ ಕುಂಟ ಹೆಣ್ಣುಮಗಳು. ಆಕೆಯ ಹೆಸರು ಅನ್ನಾ ಸ್ಯೂಯೆಲ್. ಆಕೆ ಬರೆದದ್ದು ಒಂದೇ ಕಾದಂಬರಿ, 'ಬ್ಲ್ಯಾಕ್ ಬ್ಯೂಟಿ'.

ಅನ್ನಾ 1820ರ ಮಾರ್ಚ್ 30ರಂದು ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಗ್ರೇಟ್ ಯಾರ್ಮತ್‌ನಲ್ಲಿ ಹುಟ್ಟಿದಳು. ತಂದೆ ಐಸಾಕ್, ತಾಯಿ ಮೇರಿ. ಒಬ್ಬ ತಮ್ಮ, ಫಿಲಿಪ್. ತಂದೆಯ ವ್ಯಾಪಾರ ಕೈಹಿಡಿಯಲಿಲ್ಲ. ಮನೆಯಲ್ಲಿ ಬಡತನವಿದ್ದುದರಿಂದ ತಾಯಿಯೇ ಮಕ್ಕಳಿಗೆ ಪಾಠ ಹೇಳಿದಳು. ಬಕ್ಸ್‌ಟನ್ ಎಂಬ ಹಳ್ಳಿಯಲ್ಲಿದ್ದ ತಾಯಿಯ ತಂದೆತಾಯಿಗಳ ಮನೆಗೆ ಮಕ್ಕಳನ್ನು ಆಗಾಗ ಕಳುಹಿಸುತ್ತಿದ್ದರು. ಆ ಹಳ್ಳಿಗಾಡಿನಲ್ಲಿಯೇ ಅನ್ನಾಳಿಗೆ ಕುದುರೆಗಳ ಒಡನಾಟ ಬೆಳೆಯಿತು.

ಆಕೆಗೆ 14 ವರ್ಷವಾದಾಗ ಸಂಸಾರ ಲಂಡನ್ನಿನ ಸ್ಟೋಕ್ ನ್ಯೂಯಿಂಗ್ಟನ್‌ನಲ್ಲಿತ್ತು. ಒಂದು ದಿನ ಶಾಲೆಯಿಂದ ನಡೆದು ಬರುವಾಗ ಜಾರಿಬಿದ್ದು ಎರಡೂ ಕಾಲಿನ ಹರಡಿಗೆ ಪೆಟ್ಟಾಯಿತು. ಆ ಪೆಟ್ಟು ಮತ್ತೆ ವಾಸಿಯಾಗಲಿಲ್ಲ. ಸಮುದ್ರದ ಗಾಳಿ ಒಳ್ಳೆಯದೆಂದು 1836ರಲ್ಲಿ ಬ್ರೈಟನ್‌ಗೆ ಹೋದರು. ಮುಂದೆ ಯೂರೋಪಿನ ಔಷಧೀಯ ಬುಗ್ಗೆಗಳ ಊರುಗಳಿಗೂ ಹೋಗಿ ಬಂದಳು. ಆದರೂ ಹೆಚ್ಚು ಹೊತ್ತು ನಿಲ್ಲಲು, ನಡೆಯಲು ಆಗಲೇ ಇಲ್ಲ.

ನಡೆಯಲಾರದವಳಿಗೆ ಕಾಲಾದದ್ದು ಕುದುರೆ. ಚಿಕ್ಕ ಗಾಡಿಗೆ ಕುದುರೆ ಹೂಡಿ ತಾನೇ ಲಗಾಮು ಹಿಡಿದು ತಂದೆಯನ್ನು ರೈಲು ನಿಲ್ದಾಣಕ್ಕೆ ಬಿಟ್ಟುಬರುತ್ತಿದ್ದಳು, ಕರೆತರುತ್ತಿದ್ದಳು. ಆಕೆಯ ಗಾಡಿಯಲ್ಲಿ ಕುಳಿತು ಬಂದ ಪರಿಚಿತರೊಬ್ಬರು ಬರೆದಿಟ್ಟಿರುವ ಪ್ರಕಾರ, ಲಗಾಮನ್ನು ಸುಮ್ಮನೆ ಕೈಯಲ್ಲಿ ಹಿಡಿದಿರುತ್ತಿದ್ದಳೇ ಹೊರತು ಜಗ್ಗುತ್ತಿರಲಿಲ್ಲ. ಕುದುರೆಯೊಡನೆ ಮಾತಾಡುತ್ತಲೇ ಅದನ್ನು ನಡೆಸುತ್ತಿದ್ದಳು. ಬೇರೆಯವರು ಗಾಡಿಯಲ್ಲಿ ಕುಳಿತು ದಾರಿ ನೋಡಿದರೆ, ಈಕೆ ಕುದುರೆಯ ಹೆಜ್ಜೆ, ಕಿವಿ, ಉಸಿರು ನೋಡುತ್ತಿದ್ದಳು. ಪ್ರತಿ ಹೆಜ್ಜೆಗೂ ನೋವು ಉಂಡವಳಿಗೆ ಇನ್ನೊಂದು ಜೀವದ ಕಾಲುನೋವು ಬೇಗ ತಿಳಿಯುತ್ತದೆ.

ತಾಯಿ ಮೇರಿ ಹೆಸರಾಂತ ಲೇಖಕಿಯಾದಳು. ಆಕೆಯ ಬರಹಗಳನ್ನು ತಿದ್ದಲು ಅನ್ನಾ ನೆರವಾಗುತ್ತಿದ್ದಳು. ತಾನೇ ಬರೆಯಲು ಕುಳಿತದ್ದು 1871ರಲ್ಲಿ. ಆ ವೇಳೆಗೆ ನಾರ್ವಿಚ್ ಪಟ್ಟಣದ ಬಳಿಯ ಓಲ್ಡ್ ಕ್ಯಾಟನ್‌ನಲ್ಲಿ ವಾಸ. ಆರೋಗ್ಯ ಪೂರ್ತಿ ಕೆಟ್ಟು ಹಾಸಿಗೆ ಹಿಡಿದಿದ್ದಳು. ಮೈ ಹಗುರವಾದ ದಿನ ಚೀಟಿಗಳಲ್ಲಿ ಪೆನ್ಸಿಲಿನಿಂದ ಬರೆದಿಡುವಳು, ಇಲ್ಲವೇ ಹೇಳಿ ಬರೆಸುವಳು. ತಾಯಿ ಅದನ್ನು ಶುದ್ಧವಾಗಿ ನಕಲು ಮಾಡುವಳು. ಹೀಗೆ ಪುಸ್ತಕ ಮುಗಿಯಲು ಆರು ವರ್ಷ ಹಿಡಿಯಿತು. ನಾರ್ವಿಚ್‌ನ ಜರೋಲ್ಡ್ ಸಂಸ್ಥೆ 1877ರ ನವೆಂಬರ್‌ನಲ್ಲಿ ಅದನ್ನು ಪ್ರಕಟಿಸಿತು.

ಈ ಪುಸ್ತಕವನ್ನು ಆಕೆ ಮಕ್ಕಳಿಗೆಂದು ಬರೆದದ್ದಲ್ಲ. ಕುದುರೆಯೊಡನೆ ದುಡಿಯುವ ಜನರಿಗೆಂದು ಬರೆದದ್ದು. ಕುದುರೆಯೇ ತನ್ನ ಕಥೆ ಹೇಳುತ್ತದೆ. ಹೊಲದಲ್ಲಿ ಹುಟ್ಟಿ, ಒಳ್ಳೆಯ ಯಜಮಾನನ ಲಾಯದಲ್ಲಿ ಬೆಳೆದು, ದೊಡ್ಡ ಮನೆಯ ಸಾರೋಟಿಗೆ ಸಿಕ್ಕಿ, ಕೊನೆಗೆ ಲಂಡನ್ನಿನ ಬಾಡಿಗೆ ಗಾಡಿ ಎಳೆದು ಸವೆದು ಹೋಗುವ ಕುದುರೆಯ ಬಾಳು ಅದು. ಬೇರಿಂಗ್ ರೇನ್ ಬಿಗಿದಾಗ ಏರಿನಲ್ಲಿ ಮೈಭಾರ ಕೊಡಲಾಗದೆ ಬೆನ್ನಿಗೂ ಕಾಲಿಗೂ ಬೀಳುವ ಪೆಟ್ಟು, ಉಸಿರಾಟದ ಕಷ್ಟ, ಬಾಯಿಯ ನೋವು ಎಲ್ಲವೂ ಅಲ್ಲಿ ವಿವರವಾಗಿ ಬಂದಿವೆ.

ವಿಸ್ತರಣಾ ಕೆಲಸದಲ್ಲಿರುವ ನನ್ನಂಥವನಿಗೆ ಅದರಲ್ಲಿ ಎರಡು ಸಂಗತಿ ಬಹಳ ಹಿಡಿಸಿವೆ.

ಮೊದಲನೆಯದು ಅಜ್ಞಾನದ ಮಾತು. ದೂರ ಓಡಿ ಬೆವೆತು ಬಂದ ಕುದುರೆಗೆ ಲಾಯದ ಎಳೆಯ ಹುಡುಗನೊಬ್ಬ ಕಂಬಳಿ ಹೊದಿಸದೆ, ಹೊಟ್ಟೆತುಂಬ ತಣ್ಣೀರು ಕುಡಿಸಿ ಬಿಡುತ್ತಾನೆ. ಕುದುರೆ ಸಾಯುವ ಸ್ಥಿತಿಗೆ ಬರುತ್ತದೆ. ಹುಡುಗ ಕೆಟ್ಟವನಲ್ಲ, ಒಳ್ಳೆಯದೆಂದೇ ಮಾಡಿದ. ಅರಿಯದೆ ಮಾಡಿದ್ದು ಎಂಬ ಮಾತಿನಿಂದ ಪ್ರಾಣಿಯ ನೋವು ಕಡಿಮೆಯಾಗದು ಎಂಬುದು ಅನ್ನಾಳ ವಾದ. ಪ್ರಾಣಿಯನ್ನು ಸಾಕುವವನು ಅದರ ವಿಷಯ ಕಲಿಯಲೇಬೇಕು.

ಎರಡನೆಯದು ಬಾಡಿಗೆಯ ಲೆಕ್ಕ. ಲಂಡನ್ನಿನ ಗಾಡಿಯವನೊಬ್ಬ ಒಂದು ಗಾಡಿ, ಎರಡು ಕುದುರೆಗೆ ದಿನಕ್ಕೆ 18 ಶಿಲ್ಲಿಂಗ್ ಬಾಡಿಗೆಯನ್ನು ಮಾಲೀಕನಿಗೆ ಕಟ್ಟಬೇಕು. ಅದು ಹುಟ್ಟಿದ ಮೇಲೆಯೇ ಹೆಂಡತಿ ಮಕ್ಕಳಿಗೆ ಅನ್ನ. ಅವನು ಸೋತ ಕುದುರೆಗೂ ಚಾಟಿ ಬೀಸದೆ ಏನು ಮಾಡಿಯಾನು? ಹೊಡೆಯುವ ಕೈಯನ್ನು ಮಾತ್ರ ಬಯ್ಯದೆ, ಆ ಕೈಯನ್ನು ಇಕ್ಕಟ್ಟಿಗೆ ತಳ್ಳಿದವರನ್ನೂ ಅನ್ನಾ ತೋರಿಸಿಕೊಟ್ಟಳು. ಬಡ ಗಾಡಿಯವನ ಕಷ್ಟವನ್ನು ಅರಿತೇ ಆಕೆ ಬರೆದಳು.

ಪುಸ್ತಕ ಹೊರಬಂದ ಐದೇ ತಿಂಗಳಿಗೆ, 1878ರ ಏಪ್ರಿಲ್ 25ರಂದು, 58ನೆಯ ವಯಸ್ಸಿನಲ್ಲಿ ಅನ್ನಾ ತೀರಿಕೊಂಡಳು. ಲಾಮಸ್ ಎಂಬ ಹಳ್ಳಿಯಲ್ಲಿ ಮಣ್ಣು ಮಾಡಿದರು. ಶವದ ಗಾಡಿ ಮನೆಯ ಮುಂದೆ ಬಂದು ನಿಂತಾಗ ಅದರ ಕುದುರೆಗಳಿಗೂ ಬೇರಿಂಗ್ ರೇನ್ ಬಿಗಿದಿತ್ತಂತೆ. ಅದನ್ನು ಕಂಡ ಮುದಿತಾಯಿ ಪಟ್ಟಿಗಳನ್ನು ಬಿಚ್ಚಿಸಿದಳೆಂದು ಹೇಳುತ್ತಾರೆ.

ಆಮೇಲೆ ಪುಸ್ತಕ ತನ್ನ ಕೆಲಸ ಮಾಡಿತು. 1890ರಲ್ಲಿ ಜಾರ್ಜ್ ಏಂಜೆಲ್ ಎಂಬ ಪ್ರಾಣಿದಯಾಪರರು ಅಮೆರಿಕದಲ್ಲಿ ಅದನ್ನು ಅಗ್ಗದ ಬೆಲೆಗೆ ಅಚ್ಚು ಮಾಡಿಸಿ, ಗಾಡಿ ಹೊಡೆಯುವವರಿಗೂ ಲಾಯದ ಆಳುಗಳಿಗೂ ತಲುಪಿಸಿದರು. ಎರಡೇ ವರ್ಷದಲ್ಲಿ ಅಲ್ಲಿ 10 ಲಕ್ಷ ಪ್ರತಿಗಳು ಹರಡಿದವು. ಬೇರಿಂಗ್ ರೇನ್ ವಿರುದ್ಧ ಬೇರೆಯವರೂ ದುಡಿದಿದ್ದರು. ಎಡ್ವರ್ಡ್ ಫ್ಲವರ್ ಎಂಬುವರು 1875ರಲ್ಲಿಯೇ ಆ ವಿಷಯದ ಪುಸ್ತಿಕೆ ಬರೆದಿದ್ದರು. ಆದರೆ ಮನೆಮನೆಗೂ ಮಾತು ಮುಟ್ಟಿಸಿದ್ದು ಈ ಕುದುರೆಯ ಕಥೆ. ಬರಬರುತ್ತಾ ಆ ಪದ್ಧತಿ ಬಿದ್ದುಹೋಯಿತು.

ಇಂದು ನಮ್ಮಲ್ಲಿ ಜಟಕಾ ಗಾಡಿಗಳು ಅಪರೂಪ. ಎತ್ತಿನ ಗಾಡಿಗಳೂ ಕಡಿಮೆಯಾಗಿವೆ. ಆದರೂ ನೊಗ ಹೊರುವ ಎತ್ತು ಇರುವವರೆಗೆ ಅನ್ನಾಳ ಮಾತು ಹಳತಾಗದು. ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ ಕಾಯಿದೆ 1960ರಲ್ಲಿ ಬಂತು. ದುಡಿಯುವ ಪ್ರಾಣಿಗಳಿಗೆ ಸಂಬಂಧಿಸಿದ ನಿಯಮಗಳು 1965ರಲ್ಲಿ ಬಂದವು. ಅದರಂತೆ ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ಸೆಂಟಿಗ್ರೇಡ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ಮೊಳೆ ಇರುವ ಕೋಲು, ಮುಳ್ಳಿನ ಕಡಿವಾಣ ಬಳಸಕೂಡದು.

ಕಾಯಿದೆ ಪ್ರತಿ ಕೊಟ್ಟಿಗೆಗೂ ಬಂದು ನೋಡಲಾರದು. ನೋಡಬೇಕಾದವರು ನಾವು. ಸಂಜೆ ನೊಗ ಇಳಿಸಿದ ಮೇಲೆ ಎತ್ತಿನ ಹೆಗಲ ಮೇಲೆ ಒಮ್ಮೆ ಕೈಯಾಡಿಸಿರಿ. ಬಿಸಿಯಾಗಿದ್ದರೆ, ಬಾತಿದ್ದರೆ, ಮುಟ್ಟಿದೊಡನೆ ಎತ್ತು ಮೈ ಜಾಡಿಸಿದರೆ, ನೊಗ ಎಲ್ಲಿ ಒತ್ತುತ್ತಿದೆ ಎಂದು ಹುಡುಕಿ ಸರಿಪಡಿಸಿರಿ. ಹುಣ್ಣಾಗಿದ್ದರೆ ವಾಸಿಯಾಗುವವರೆಗೆ ಹೂಡದೆ ಪಶುವೈದ್ಯರಿಗೆ ತೋರಿಸಿರಿ. ಲಾಳ ಸಡಿಲವಾಗಿದೆಯೇ, ಮೂಗುದಾಣ ಕೊರೆಯುತ್ತಿದೆಯೇ ನೋಡಿರಿ. ಇದಕ್ಕೆ ಕಾಸು ಖರ್ಚಿಲ್ಲ; ಐದು ನಿಮಿಷ ಸಾಕು. ನಡೆಯಲಾರದ ಅನ್ನಾ ಸ್ಯೂಯೆಲ್ ಗಾಡಿಯಲ್ಲಿ ಕುಳಿತು ಕಲಿತದ್ದೂ ಹೀಗೆ ನೋಡುವುದನ್ನೇ.