ಸ್ಯಾಮುಯೆಲ್ ಆಡಮ್ಸರೂ ಬಾಸ್ಟನ್ ಪೌರಸಭೆಯೂ

ಬೀದಿ ಗುಡಿಸುವುದು, ದೀಪ ಹೊತ್ತಿಸುವುದು, ಚರಂಡಿ ತೋಡಿಸುವುದು, ಇಷ್ಟಕ್ಕೇ ಪೌರಸಭೆಯ ಅಧಿಕಾರವು ಮುಗಿಯಿತೆಂದೂ, ಸರ್ಕಾರವು ವಿಧಿಸುವ ತೆರಿಗೆಗಳ ನ್ಯಾಯಾನ್ಯಾಯಗಳನ್ನು ಕುರಿತು ಅಭಿಪ್ರಾಯ ಹೇಳುವುದು ಅದರ ಕೆಲಸವಲ್ಲವೆಂದೂ ವಾದಿಸುವವರು ಎಲ್ಲ ದೇಶಗಳಲ್ಲಿಯೂ ಉಂಟು. ಈ ವಾದವೇ ಒಂದು ಕಾಲದಲ್ಲಿ ಒಂದು ಸಾಮ್ರಾಜ್ಯವನ್ನು ಇಬ್ಭಾಗ ಮಾಡಿದ ಕಲಹಕ್ಕೆ ಮೊದಲಾಯಿತು. ಆ ಕಲಹದ ನಡುವೆ ನಿಂತಿದ್ದವರು ಅಮೆರಿಕದ ಬಾಸ್ಟನ್ ಪಟ್ಟಣದ ಸ್ಯಾಮುಯೆಲ್ ಆಡಮ್ಸರು. ಅವರ ಚರಿತ್ರೆಯನ್ನು ಪೌರಸಭೆಗಳ ಸದಸ್ಯರೂ ಅಧಿಕಾರಿಗಳೂ ಅವಶ್ಯವಾಗಿ ಮನನ ಮಾಡತಕ್ಕದ್ದು.

ಆಡಮ್ಸರು ಜನಿಸಿದ್ದು 1722ರಲ್ಲಿ. ಹಾರ್ವರ್ಡ್ ವಿದ್ಯಾಲಯದಲ್ಲಿ ಓದಿ 1743ರಲ್ಲಿ ಎಂ.ಎ. ಪದವಿಯನ್ನು ಪಡೆದರು. ರಾಜ್ಯವನ್ನುಳಿಸಲು ಅನ್ಯಮಾರ್ಗವಿಲ್ಲದಾಗ ಪ್ರಭುವನ್ನು ಎದುರಿಸುವುದು ಧರ್ಮವೇ ಎಂಬುದು ಆ ಸಂದರ್ಭದಲ್ಲಿ ಅವರು ಎತ್ತಿಕೊಂಡ ಚರ್ಚಾವಿಷಯ. ಅವರ ತಂದೆಯವರು ನಿರ್ದೇಶಕರಾಗಿದ್ದ ಭೂಮಿಯಾಧಾರದ ಬ್ಯಾಂಕನ್ನು ಬ್ರಿಟಿಷ್ ಪಾರ್ಲಿಮೆಂಟು 1741ರಲ್ಲಿ ರದ್ದುಪಡಿಸಿ, ನಿರ್ದೇಶಕರ ಸ್ವಂತ ಆಸ್ತಿಯನ್ನೇ ಹೊಣೆಮಾಡಿತು. ತಂದೆಯು ತೀರಿಕೊಂಡು ಹತ್ತು ವರ್ಷಗಳಾದ ಮೇಲೆಯೂ ಮಗನ ಮನೆಯು ಹರಾಜಿಗೆ ಬಂದಿತು. ಸಮುದ್ರದಾಚೆಯ ಸಭೆಯೊಂದರ ಕಾಯಿದೆಯು ಮನೆಬಾಗಿಲಿಗೆ ಹೇಗೆ ಬಂದು ನಿಲ್ಲುತ್ತದೆಂಬುದನ್ನು ಆಡಮ್ಸರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ವ್ಯಾಪಾರದಲ್ಲಿ ಅವರಿಗೆ ಏಳಿಗೆಯಾಗಲಿಲ್ಲ. 1756ರಲ್ಲಿ ಪೌರಸಭೆಯು ಅವರನ್ನು ತೆರಿಗೆ ವಸೂಲಿಗೆ ಆರಿಸಿತು. ಕೊಡಲಾರದವರನ್ನು ಪೀಡಿಸಲು ಮನಸ್ಸು ಬಾರದೆ ಬಾಕಿಯನ್ನು ಬೆಳೆಯಗೊಟ್ಟರು. 1765ರ ವೇಳೆಗೆ ಅದು 8,000 ಪೌಂಡುಗಳನ್ನು ಮೀರಿತು. ಮಿತ್ರರು ಇದನ್ನು ದಯೆಯೆಂದರು, ಶತ್ರುಗಳು ಅಕ್ರಮವೆಂದರು. ಲೆಕ್ಕವು ಕೆಟ್ಟಿದ್ದಂತೂ ನಿಜ.

ಬಾಸ್ಟನ್ನಿನ ಪೌರಸಭೆಯೆಂದರೆ ಮತಾಧಿಕಾರವುಳ್ಳ ಪೌರರೇ ನೇರವಾಗಿ ನೆರೆಯುತ್ತಿದ್ದ ಸಭೆ. ಆಸ್ತಿಯಿಲ್ಲದವರಿಗೂ ಸ್ತ್ರೀಯರಿಗೂ ಗುಲಾಮರಿಗೂ ಅಲ್ಲಿ ಮತವಿರಲಿಲ್ಲವೆಂಬುದನ್ನು ಮರೆಯಕೂಡದು. 1764ರಲ್ಲಿ ಪಾರ್ಲಿಮೆಂಟು ಸಕ್ಕರೆ, ಕಾಕಂಬಿ ಮೊದಲಾದುವುಗಳ ಮೇಲಿನ ಸುಂಕವನ್ನು ಬಿಗಿಗೊಳಿಸಿತು. ಆ ಮೇ ತಿಂಗಳಲ್ಲಿ ಪೌರಸಭೆಯು, ಶಾಸನಸಭೆಯಲ್ಲಿದ್ದ ತನ್ನ ಪ್ರತಿನಿಧಿಗಳಿಗೆ ಸೂಚನೆಗಳನ್ನು ಬರೆಯುವ ಭಾರವನ್ನು ಆಡಮ್ಸರಿಗೆ ಒಪ್ಪಿಸಿತು. ಇಂದು ವ್ಯಾಪಾರಕ್ಕೆ ಬಿದ್ದ ತೆರಿಗೆಯು ನಾಳೆ ಹೊಲಕ್ಕೂ ಬೆಳೆಗೂ ಬೀಳದೆ ಇರದೆಂದೂ, ಪ್ರಾತಿನಿಧ್ಯವಿಲ್ಲದೆ ತೆರಿಗೆ ತೆರುವವನು ಸ್ವತಂತ್ರ ಪ್ರಜೆಯಲ್ಲವೆಂದೂ ಅವರು ಅದರಲ್ಲಿ ನಿರೂಪಿಸಿದರು. ಮರುವರ್ಷ ಅವರೇ ಶಾಸನಸಭೆಗೆ ಚುನಾಯಿತರಾದರು.

ಅಧಿಕಾರದ ಪ್ರಶ್ನೆಯು ನೇರವಾಗಿ ಎದ್ದುದು 1772ರಲ್ಲಿ. ನ್ಯಾಯಾಧೀಶರ ಸಂಬಳವನ್ನು ಶಾಸನಸಭೆಯ ಕೈತಪ್ಪಿಸಿ, ಸುಂಕದ ಹಣದಿಂದ ದೊರೆಯೇ ಕೊಡುವನೆಂಬ ಸುದ್ದಿ ಹಬ್ಬಿತು. ಪೌರಸಭೆಯು ಗವರ್ನರ್ ಹಚಿನ್‌ಸನ್ನರನ್ನು ವಿಚಾರಿಸಿತು. ಶಾಸನಸಭೆಯನ್ನು ಕರೆಯಬೇಕೆಂದು ಬೇಡಿತು. ಹಚಿನ್‌ಸನ್ನರು ಪರದೇಶದಿಂದ ಬಂದ ದರ್ಪಿಷ್ಠರಲ್ಲ. ಬಾಸ್ಟನ್ನಿನಲ್ಲೇ ಹುಟ್ಟಿದವರು, ಪ್ರಾಂತದ ಇತಿಹಾಸವನ್ನು ಬರೆದ ವಿದ್ವಾಂಸರು. ಆದರೂ ಇವು ಪೌರಸಭೆಯ ಎಲ್ಲೆಗೆ ಸೇರಿದ ವಿಷಯಗಳಲ್ಲವೆಂದು ಎರಡು ಬಿನ್ನಹಗಳನ್ನೂ ತಿರಸ್ಕರಿಸಿದರು. ಆಡಮ್ಸರು ಒಡನೆಯೇ 21 ಮಂದಿಯ ಪತ್ರವ್ಯವಹಾರ ಸಮಿತಿಯನ್ನು ಪೌರಸಭೆಯಿಂದ ನೇಮಿಸಿಸಿ, ಪ್ರಾಂತದ ಊರೂರಿಗೂ ಪತ್ರ ಕಳುಹಿಸಿದರು. ನೂರಕ್ಕೂ ಮಿಕ್ಕ ಊರುಗಳು ಉತ್ತರವಿತ್ತುವು. ಒಂದು ಊರಿನ ಬಾಯಿ ಮುಚ್ಚಿಸಹೋಗಿ ಗವರ್ನರರು ನೂರು ಊರುಗಳ ಬಾಯಿ ತೆರೆಯಿಸಿದಂತಾಯಿತು.

1773ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕಷ್ಟವನ್ನು ಪರಿಹರಿಸಲು ಪಾರ್ಲಿಮೆಂಟು ಚಹದ ಕಾಯಿದೆಯನ್ನು ಮಾಡಿತು. ನಾಲ್ಕು ವರ್ಷ ಹಿಂದೆ ನಮ್ಮ ಹೈದರಾಲಿಯು ಮದರಾಸಿನ ಹೊಸ್ತಿಲಲ್ಲಿ ಸಂಧಿಗೆ ಬರಿಸಿದ ಕಂಪೆನಿಯೇ ಇದು. ಡಿಸೆಂಬರ್ 16ರಂದು, ಆಡಮ್ಸರು ಮುಂದಾಳಾಗಿದ್ದ ಮಹಾಸಭೆಯ ತರುವಾಯ, ಜನರು 342 ಪೆಟ್ಟಿಗೆ ಚಹವನ್ನು ಕಡಲಿಗೆ ಚೆಲ್ಲಿದರು. ಪಾರ್ಲಿಮೆಂಟು 1774ರಲ್ಲಿ ಬಂದರನ್ನು ಮುಚ್ಚಿದ್ದಲ್ಲದೆ, ವಾರ್ಷಿಕ ಚುನಾವಣೆಯ ಸಭೆಯ ಹೊರತು ಬೇರಾವ ಪೌರಸಭೆಯೂ ಗವರ್ನರರ ಲಿಖಿತ ಅಪ್ಪಣೆಯಿಲ್ಲದೆ ಸೇರಕೂಡದೆಂದು ವಿಧಿಸಿತು. ಬೀದಿ ದೀಪಗಳ ಸಭೆಯೆಂದು ತಾತ್ಸಾರ ಮಾಡಿದವರೇ ಅದಕ್ಕೆ ಎಷ್ಟು ಹೆದರಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 1776ರ ಸ್ವಾತಂತ್ರ್ಯ ಘೋಷಣೆಗೆ ಆಡಮ್ಸರು ಸಹಿ ಹಾಕಿದರು.

ಇಷ್ಟಕ್ಕೆ ನಿಲ್ಲಿಸಿದರೆ ಚರಿತ್ರೆಯು ಸ್ತುತಿಪಾಠವಾದೀತು. 1786ರಲ್ಲಿ ಅದೇ ಮಸಾಚುಸೆಟ್ಸಿನ ಪಶ್ಚಿಮದ ರೈತರು ತೆರಿಗೆಯ ಭಾರಕ್ಕೆ ನೊಂದು, ಸಮ್ಮೇಳನಗಳನ್ನು ಸೇರಿಸಿ, ಕೊನೆಗೆ ಆಯುಧವನ್ನೂ ಹಿಡಿದರು. ಆಡಮ್ಸರು ಅವರನ್ನು ನಿಷ್ಠುರವಾಗಿ ವಿರೋಧಿಸಿದರು. ಚುನಾಯಿತ ಸರ್ಕಾರವಿರುವಲ್ಲಿ ಚುನಾವಣೆಯೇ ಪರಿಹಾರವೆಂಬುದು ಅವರ ಮತ. ಆಯುಧದ ವಿಷಯದಲ್ಲಿ ಈ ಮತವನ್ನು ನಾವು ಒಪ್ಪುತ್ತೇವೆ. ಸಮ್ಮೇಳನಗಳ ವಿಷಯದಲ್ಲಿ ಒಪ್ಪಲಾರೆವು. ಆಳುವ ಪೀಠದಿಂದ ನೋಡಿದಾಗ ಬಡವನ ಬಿನ್ನಹವೂ ದಂಗೆಯಂತೆ ತೋರುವುದು ಆಡಮ್ಸರಿಗೂ ತಪ್ಪಲಿಲ್ಲ. ಮುಂದೆ ಗವರ್ನರರೂ ಆಗಿದ್ದು, 1803ರಲ್ಲಿ ಅವರು ತೀರಿಕೊಂಡರು.

ಪೌರಸಭೆಯ ನಿರ್ಣಯವು ಶಾಸನವಲ್ಲ; ಅದರಿಂದ ಒಂದು ಕಾಸಿನ ತೆರಿಗೆಯೂ ಇಳಿಯದು. ಆದರೆ ತೆರಿಗೆ ತೆರುವವನಿಗೆ ನಡೆದುಹೋಗಬಹುದಾದಷ್ಟು ಸಮೀಪದ ಸಭೆಯು ಅದೊಂದೇ. ಅಲ್ಲಿಯೂ ಅವನ ಮಾತಿಗೆ ಎಡೆಯಿಲ್ಲವೆಂದರೆ, ಆ ಮಾತು ಬೇರೆ ಸ್ಥಳವನ್ನು ಹುಡುಕಿಕೊಂಡು ಹೋಗುತ್ತದೆ. ಆ ಸ್ಥಳವು ಯಾವುದಾಗಬೇಕೆಂಬುದನ್ನು ಅಧಿಕಾರಸ್ಥರು ಮೊದಲೇ ಆಲೋಚಿಸುವುದು ಕ್ಷೇಮ.